ಒಂದೇ ಕುಣಿತ ಸಾಕು, ಹೆಜ್ಜೆಯಿಂದ ಶುರು ಮಾಡಿ: ಪಿಯಾನೋಗೆ ಚಕರೇರಾ ಬರೆಯುವ ಬಗೆ

ಪ್ರಶ್ನೆ: ನಾನು ಪಿಯಾನೋದಲ್ಲಿ ಎಂಟನೇ ಗ್ರೇಡ್ ಮುಗಿಸಿದ್ದೇನೆ. ಅದಕ್ಕೆ ಮೊದಲು ಕೆಲವು ವರ್ಷ ಕರ್ನಾಟಕ ಸಂಗೀತವನ್ನೂ ಕಲಿತಿದ್ದೆ. ದಕ್ಷಿಣ ಅಮೆರಿಕದ ಸಾಂಪ್ರದಾಯಿಕ ಕುಣಿತಗಳಿಂದ ಪ್ರೇರಣೆ ಪಡೆದು ಸುಮಾರು ಐದು ನಿಮಿಷದ ಪಿಯಾನೋ ರಚನೆ ಬರೆಯುವ ಆಸೆ. ಶುರುವಿಗೆ ಟ್ಯಾಂಗೊ, ನಡುವೆ ಬ್ರೆಜಿಲಿನ ಸಾಂಬಾ, ಕೊನೆಗೆ ಆಂಡೀಸ್ ಬೆಟ್ಟಗಳ ಹುವಾಯ್ನೊ ಸೇರಿಸಿ ಒಂದು ಕರಡು ಮಾಡಿದೆ. ಸ್ವರಗಳೆಲ್ಲ ಸರಿ ಇವೆ ಅನ್ನಿಸುತ್ತದೆ. ಆದರೆ ಕೇಳಿದವರು ಹೋಟೆಲ್ ಲಾಬಿಯಲ್ಲಿ ಹಾಕುವ ಸಂಗೀತದ ಹಾಗಿದೆ ಅಂದರು. ಎಲ್ಲಿ ತಪ್ಪಿದೆ? ಎಲ್ಲಿಂದ ಶುರು ಮಾಡಬೇಕು? ಕರ್ನಾಟಕ ಸಂಗೀತದ ಕಲಿಕೆ ಇಲ್ಲಿ ಉಪಯೋಗಕ್ಕೆ ಬರುತ್ತದೆಯೇ? 6/8ರಲ್ಲಿ ಬರೆಯಬೇಕೋ 3/4ರಲ್ಲೋ ಅನ್ನುವುದೂ ಗೊಂದಲವಾಗಿದೆ.

ಉತ್ತರ: ನಿಮ್ಮ ಸ್ವರಗಳಲ್ಲಿ ತಪ್ಪಿಲ್ಲ, ಯೋಜನೆಯಲ್ಲಿದೆ. ಐದು ನಿಮಿಷದಲ್ಲಿ ಮೂರು ಕುಣಿತ ಅಂದರೆ ಒಂದೊಂದಕ್ಕೂ ಎರಡು ನಿಮಿಷವೂ ಸಿಗುವುದಿಲ್ಲ. ಅಷ್ಟರಲ್ಲಿ ಟ್ಯಾಂಗೊದಿಂದ ಎಡಗೈಯ ಒಂದು ಲಯ, ಸಾಂಬಾದಿಂದ ಒಂದೆರಡು ಸಿಂಕೊಪೇಶನ್ (ತಾಳದ ಪೆಟ್ಟು ತಪ್ಪಿಸಿ ಬೀಳುವ ಒತ್ತು), ಹುವಾಯ್ನೊದಿಂದ ಐದು ಸ್ವರಗಳ ಒಂದು ಎಳೆ, ಇಷ್ಟೇ ಎತ್ತಿಕೊಳ್ಳಲು ಆಗುವುದು. ಗುರುತು ಹಿಡಿಯುವಷ್ಟು ಸಿಗುತ್ತದೆ, ಕುಣಿಯುವಷ್ಟು ಸಿಗುವುದಿಲ್ಲ. ಜೊತೆಗೆ ಈ ಮೂರೂ ಒಂದೇ ಮನೆಯವಲ್ಲ. ಟ್ಯಾಂಗೊ ರಿಯೊ ದೆ ಲಾ ಪ್ಲಾತಾ ನದಿಯ ಎರಡು ದಡದ ಪಟ್ಟಣಗಳದ್ದು, ಬ್ಯೂನಸ್ ಐರಿಸ್ ಮತ್ತು ಮಾಂಟೆವಿಡಿಯೊ. ಸಾಂಬಾ, ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರ ಮಕ್ಕಳು ಮೊಮ್ಮಕ್ಕಳು ಬಹಿಯಾದಲ್ಲಿ, ರಿಯೊದಲ್ಲಿ ಬೆಳೆಸಿದ್ದು. ಹುವಾಯ್ನೊ ಪೆರು, ಬೊಲಿವಿಯಾಗಳ ಎತ್ತರದ ಊರುಗಳದ್ದು, ಕೆಚುವಾ ಮತ್ತು ಐಮಾರಾ ಮಾತಾಡುವ ಜನರದ್ದು. ಇವನ್ನು ಸಾಲಾಗಿ ಪೋಣಿಸಿದರೆ ಪ್ರವಾಸದ ಜಾಹೀರಾತಿನಂತೆ ಕೇಳುವುದು ಸಹಜ.

ನನ್ನ ಸಲಹೆ ಇಷ್ಟು. ಒಂದೇ ಕುಣಿತ ಆರಿಸಿಕೊಳ್ಳಿ. ಅದರ ರಾಗವನ್ನು ಹುಡುಕುವ ಮೊದಲು ಅದನ್ನು ಹೇಗೆ ಕುಣಿಯುತ್ತಾರೆ ಅಂತ ತಿಳಿದುಕೊಳ್ಳಿ. ಎಷ್ಟು ಬಾರ್ (ತಾಳದ ಒಂದೊಂದು ಆವರ್ತ) ಮುಂದೆ ಬರುತ್ತಾರೆ, ಎಷ್ಟು ಬಾರ್ ಸುತ್ತುತ್ತಾರೆ, ಎಲ್ಲಿ ನಿಲ್ಲುತ್ತಾರೆ. ನಿಮ್ಮ ರಚನೆಯ ಅಳತೆ ಅಲ್ಲಿಂದಲೇ ಬರಬೇಕು.

ಯಾವ ಕುಣಿತ ಅಂತ ಕೇಳಿದರೆ, ನಿಮಗೆ ನಾನು ಹೇಳುವುದು ಚಕರೇರಾ. ಇದು ಅರ್ಜೆಂಟೀನಾದ ಉತ್ತರಕ್ಕಿರುವ ಸಾಂತಿಯಾಗೊ ದೆಲ್ ಎಸ್ತೇರೊ ಪ್ರಾಂತ್ಯದ ಹೆಮ್ಮೆಯ ಕುಣಿತ. ಒಣ ನೆಲ, ಸುಡುವ ಬಿಸಿಲು, ಮುಳ್ಳುಕಾಡಿನ ಸೀಮೆ ಅದು. ಅಲ್ಲಿ ಸ್ಪ್ಯಾನಿಷ್ ಜೊತೆಗೆ ಕೆಚುವಾದ ಒಂದು ಸ್ಥಳೀಯ ರೂಪವನ್ನೂ ಮಾತಾಡುತ್ತಾರೆ, ಎರಡನ್ನೂ ಬೆರೆಸಿ ಚಕರೇರಾ ಹಾಡುತ್ತಾರೆ. ಗಿಟಾರ್, ಪಿಟೀಲು, ಬೊಂಬೊ ಲೆಗ್ವೇರೊ ಎಂಬ ದೊಡ್ಡ ಡೋಲು, ಇವು ಅದರ ಮುಖ್ಯ ವಾದ್ಯಗಳು. ಇದನ್ನೇ ಆರಿಸಲು ಕಾರಣಗಳಿವೆ. ಕುಣಿತದ ಅಳತೆ ಸ್ಪಷ್ಟವಾಗಿದೆ, ಚಿಕ್ಕದಾಗಿದೆ. ಪಿಯಾನೋದಲ್ಲಿ ಇದನ್ನು ನುಡಿಸಿದ ಒಳ್ಳೆಯ ಪರಂಪರೆ ಇದೆ. ಎಲ್ಲಕ್ಕಿಂತ ಜಾಸ್ತಿ, ಇದರ ಲಯದ ಗುಟ್ಟನ್ನು ಹಿಡಿಯಲು ನೀವು ಕಲಿತ ತಾಳದ ಪಾಠ ನೇರವಾಗಿ ನೆರವಿಗೆ ಬರುತ್ತದೆ.

ಬರೆಯುವ ಮೊದಲು ಕೆಲವು ದಿನ ಬರೀ ಕೇಳಿ. ಮೊದಲಿಗೆ ಅಬಾಲೋಸ್ ಸಹೋದರರು. ಸಾಂತಿಯಾಗೊದ ಐವರು ಅಣ್ಣತಮ್ಮಂದಿರು, ಅವರಲ್ಲಿ ಅದೋಲ್ಫೊ ಅಬಾಲೋಸ್ ಪಿಯಾನೋ ನುಡಿಸುತ್ತಿದ್ದರು. ಅವರ ಎಡಗೈಯನ್ನು ಗಮನವಿಟ್ಟು ಕೇಳಿ, ಡೋಲು ಅಲ್ಲೇ ಇದೆ. ಆಮೇಲೆ ಅರ್ಜೆಂಟೀನಾದ ರಚನೆಕಾರ ಆರಿಯೆಲ್ ರಾಮಿರೆಸ್. ಅವರ 1964ರ 'ಮಿಸಾ ಕ್ರಿಯೋಯಾ' ಕ್ರೈಸ್ತ ಪ್ರಾರ್ಥನೆಯ ಒಂದೊಂದು ಭಾಗವನ್ನು ಒಂದೊಂದು ಜನಪದ ರೂಪಕ್ಕೆ ಅಳವಡಿಸಿದ ಕೃತಿ. ಅದರ 'ಕ್ರೇದೊ' ಭಾಗ ಚಕರೇರಾದ ಒಂದು ಪ್ರಭೇದ. ಗಾಯಕವೃಂದ ಎಷ್ಟೇ ದೊಡ್ಡದಾದರೂ ಕೆಳಗಿನ ಲಯ ಹೇಗೆ ಕದಲದೆ ನಿಂತಿದೆ ನೋಡಿ. ಅರ್ಜೆಂಟೀನಾದ ಉತ್ತರದ ಸಾಲ್ತಾ ಪ್ರಾಂತ್ಯದ 'ಕೂಚಿ' ಲೆಗಿಸಮೋನ್ ವೃತ್ತಿಯಿಂದ ವಕೀಲರು. ಪಿಯಾನೋ ಮುಂದೆ ಕೂತು ಜನಪದ ರೂಪಗಳಿಗೆ ಇಪ್ಪತ್ತನೇ ಶತಮಾನದ ಹಾರ್ಮನಿಯನ್ನು ತಂದವರು. ಹೊಸ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಎಷ್ಟು ಸೇರಿಸಬಹುದು, ಎಲ್ಲಿ ನಿಲ್ಲಿಸಬೇಕು ಅನ್ನುವುದಕ್ಕೆ ಅವರಿಗಿಂತ ಒಳ್ಳೆಯ ಗುರು ನನಗೆ ಗೊತ್ತಿಲ್ಲ.

ಇವರನ್ನೆಲ್ಲ ಕೇಳಿದ ಮೇಲೆ ಅರ್ಜೆಂಟೀನಾದ ಇನ್ನೊಬ್ಬ ರಚನೆಕಾರ ಆಲ್ಬೆರ್ತೊ ಜಿನಾಸ್ತೆರಾ ಅವರ 'ದಾನ್ಸಾಸ್ ಅರ್ಜೆಂತೀನಾಸ್' ಸ್ವರಲಿಪಿ ತೆಗೆಯಿರಿ. 1937ರಲ್ಲಿ, ಇಪ್ಪತ್ತೊಂದರ ಆಸುಪಾಸಿನ ವಯಸ್ಸಿನಲ್ಲಿ ಅವರು ಬರೆದ ಮೂರು ಚಿಕ್ಕ ಪಿಯಾನೋ ಕುಣಿತಗಳು. ಮೊದಲನೆಯದರಲ್ಲಿ ಬಲಗೈ ಬಿಳಿ ಮನೆಗಳಲ್ಲಿ, ಎಡಗೈ ಕಪ್ಪು ಮನೆಗಳಲ್ಲಿ ಓಡುತ್ತದೆ. ಎರಡು ಶ್ರುತಿ ಒಟ್ಟಿಗೆ ಕೇಳಿ ಕಿವಿ ಚುರುಗುಟ್ಟುತ್ತದೆ, ಆದರೂ ಕಾಲು ತಾಳ ಹಾಕುವುದನ್ನು ಬಿಡುವುದಿಲ್ಲ. ಎರಡನೆಯದು ಮೆಲ್ಲಗಿನ 6/8. ಅಲ್ಲಿ ಎಡಗೈ ಒಂದೇ ಆಕಾರವನ್ನು ಪಟ್ಟು ಹಿಡಿದು ನುಡಿಸುತ್ತದೆ, ಬಲಗೈ ಹಾಡುತ್ತದೆ. ಮೂರನೆಯದು ಬೆಂಕಿ. ಈ ಮೂರರಿಂದ ನೀವು ಕಲಿಯಬೇಕಾದ ಪಾಠ ಒಂದೇ: ಹಾರ್ಮನಿಯಲ್ಲಿ ಎಷ್ಟು ದೂರ ಬೇಕಾದರೂ ಹೋಗಬಹುದು, ಕೆಳಗಿನ ಹೆಜ್ಜೆ ಗಟ್ಟಿ ಇದ್ದರೆ. ಹೆಜ್ಜೆ ಸಡಿಲವಾದರೆ ಅತ್ಯಂತ ಸಾಂಪ್ರದಾಯಿಕ ಕಾರ್ಡ್‌ಗಳೂ ಕೈ ಹಿಡಿಯುವುದಿಲ್ಲ.

ಈಗ ಹೆಜ್ಜೆಗೆ ಬರೋಣ. ಚಕರೇರಾ ಜೋಡಿ ಕುಣಿತ, ಆದರೆ ಇಬ್ಬರೂ ಮುಟ್ಟುವುದಿಲ್ಲ. ಎದುರುಬದುರು ನಿಲ್ಲುತ್ತಾರೆ. ಪೀಠಿಕೆ ನುಡಿಯುವಾಗ ಕುಣಿಯುವುದಿಲ್ಲ, ಕಾಯುತ್ತಾರೆ. ಅದು ಆರು ಅಥವಾ ಎಂಟು ಬಾರ್. ಕೊನೆಯಲ್ಲಿ ಯಾರಾದರೂ "ಅದೆಂತ್ರೊ!" ಅಂತ ಕೂಗುತ್ತಾರೆ, ಒಳಗೆ ಬನ್ನಿ ಅಂತ. ಆಗ ಮೊದಲ ಪದ್ಯ, ಎಂಟು ಬಾರ್: ನಾಲ್ಕರಲ್ಲಿ ಮುಂದೆ ಬಂದು ಹಿಂದೆ ಸರಿಯುತ್ತಾರೆ, ಇನ್ನು ನಾಲ್ಕರಲ್ಲಿ ನಿಂತ ಜಾಗದ ಹತ್ತಿರವೇ ಸುತ್ತುತ್ತಾರೆ. ಕೈ ಎತ್ತಿ ಬೆರಳು ಚಿಟಿಕೆ ಹೊಡೆಯುತ್ತಿರುತ್ತಾರೆ. ಆಮೇಲೆ ವಾದ್ಯಗಳ ನಡುಭಾಗ, ಅದೂ ಆರು ಅಥವಾ ಎಂಟು ಬಾರ್. ಇಬ್ಬರೂ ಒಬ್ಬರ ಜಾಗವನ್ನು ಇನ್ನೊಬ್ಬರು ಹಾದು ಪೂರ್ತಿ ಒಂದು ಸುತ್ತು ಬರುತ್ತಾರೆ. ಎರಡನೇ ಪದ್ಯದ ಎಂಟು ಬಾರ್‌ನಲ್ಲಿ ಗಂಡಸು ನೆಲಕ್ಕೆ ಪಾದ ಬಡಿದು ಕುಣಿಯುತ್ತಾನೆ, ಅದು ಸಪತೇಯೊ. ಹೆಂಗಸು ಲಂಗದ ಅಂಚು ಹಿಡಿದು ತೊನೆಯುತ್ತಾಳೆ, ಅದು ಸರಂದೇಯೊ. ಮತ್ತೆ ನಡುಭಾಗ, ಮತ್ತೆ ಪೂರ್ತಿ ಸುತ್ತು. ಮೂರನೇ ಪದ್ಯದಲ್ಲಿ ಮತ್ತೆ ಸಪತೇಯೊ, ಸರಂದೇಯೊ. ಕೊನೆಗೆ ಎಂಟು ಬಾರ್‌ನ ಪಲ್ಲವಿಯಂಥ ಭಾಗ: ನಾಲ್ಕು ಬಾರ್ ಅರ್ಧ ಸುತ್ತು, ನಾಲ್ಕು ಬಾರ್ ಕೊನೆಯ ತಿರುವು, ಇಬ್ಬರೂ ನಡುವೆ ಬಂದು ಹತ್ತಿರವಾಗಿ ನಿಲ್ಲುತ್ತಾರೆ. ಇಷ್ಟಾದರೆ ಮೊದಲ ಸುತ್ತು ಮುಗಿಯಿತು. ಸ್ವಲ್ಪ ಬಿಡುವು ಕೊಟ್ಟು ಇಡೀ ಕುಣಿತವನ್ನು ಎರಡನೇ ಸಲ ಮಾಡುತ್ತಾರೆ.

ಈ ನಕ್ಷೆಯನ್ನು ಒಂದು ಹಾಳೆಯಲ್ಲಿ ಬರೆದು ಪಿಯಾನೋ ಮೇಲೆ ಇಟ್ಟುಕೊಳ್ಳಿ. ನಿಮ್ಮ ರಚನೆಯ ಅರ್ಧ ಕೆಲಸ ಅಲ್ಲೇ ಆಗಿಬಿಟ್ಟಿದೆ. ಎಲ್ಲಿ ರಾಗ ಹಾಡಬೇಕು, ಎಲ್ಲಿ ರಾಗ ಸುಮ್ಮನಾಗಿ ಬರೀ ಲಯ ಉಳಿಯಬೇಕು, ಎಲ್ಲಿ ಕಾವು ಏರಬೇಕು, ಎಲ್ಲವನ್ನೂ ಕುಣಿಯುವವರೇ ತೀರ್ಮಾನಿಸಿದ್ದಾರೆ. ಮನೆಯಲ್ಲಿ ಯಾರನ್ನಾದರೂ ಎದುರು ನಿಲ್ಲಿಸಿಕೊಂಡು ಬಾರ್ ಎಣಿಸುತ್ತಾ ಒಮ್ಮೆ ನಡೆದು ನೋಡಿ. ಹೆಜ್ಜೆ ನಿಖರವಾಗಿ ಬರಬೇಕಾಗಿಲ್ಲ, ಸುಮ್ನೆ ನಡೆದರೂ ಸಾಕು. ನಾಲ್ಕು ಬಾರ್‌ನಲ್ಲಿ ಮುಂದೆ ಹೋಗಿ ಹಿಂದೆ ಬರುವುದು ಎಷ್ಟು ಅವಸರದ ಕೆಲಸ, ಎಂಟು ಬಾರ್‌ನ ಪೂರ್ತಿ ಸುತ್ತಿನಲ್ಲಿ ಎಷ್ಟು ಆರಾಮ ಇದೆ ಅನ್ನುವುದು ಮೈಗೆ ತಿಳಿಯುತ್ತದೆ. ಆ ಅವಸರ, ಆ ಆರಾಮ ನಿಮ್ಮ ಫ್ರೇಸ್‌ಗಳಲ್ಲಿ ಬರಬೇಕು.

ಲಯದ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಹೊರಗಿನವರು ಎಡವುವುದು ಇಲ್ಲೇ.

ಒಂದು ಬಾರ್‌ನಲ್ಲಿ ಆರು ಕ್ವೇವರ್, ಅಂದರೆ ಆರು ಚಿಕ್ಕ ಎಣಿಕೆ. ಇದನ್ನು ಮೂರು ಮೂರಾಗಿ ಕಟ್ಟಿದರೆ 6/8, ಎರಡೆರಡಾಗಿ ಕಟ್ಟಿದರೆ 3/4. ಚಕರೇರಾದಲ್ಲಿ ಎರಡೂ ಒಟ್ಟಿಗೇ ನಡೆಯುತ್ತವೆ. ಮೇಲಿನ ರಾಗ ಹೆಚ್ಚಾಗಿ ತಕಿಟ ತಕಿಟ. ಕೆಳಗಿನ ಬೇಸ್ ಮತ್ತು ಡೋಲು ತಕ ತಕ ತಕ. ಕರ್ನಾಟಕ ಸಂಗೀತ ಕಲಿತವರಿಗೆ ಇದು ಹೊಸದೇನಲ್ಲ. ಬಾಯಲ್ಲಿ ತಕಿಟ ತಕಿಟ ಹೇಳುತ್ತಾ ತೊಡೆಯ ಮೇಲೆ ಒಂದು, ಮೂರು, ಐದನೇ ಅಕ್ಷರಕ್ಕೆ ತಟ್ಟಿ. ಅಂದರೆ ಮೊದಲ 'ತ', ಮೊದಲ 'ಟ', ಎರಡನೇ 'ಕಿ'. ಮೆಟ್ರೊನೋಮ್ ಬೇಡ, ಬಾಯಿ ಮತ್ತು ಕೈ ಸಾಕು.

ಇಲ್ಲಿಯವರೆಗೆ ಸುಲಭ. ಮುಂದಿನದೇ ಮುಖ್ಯ. ಆ ಮೂರು ತಟ್ಟುಗಳಲ್ಲಿ ಮೊದಲನೆಯದನ್ನು ಈಗ ಬಿಟ್ಟುಬಿಡಿ. ಮೂರಕ್ಕೆ ಮತ್ತು ಐದಕ್ಕೆ ಮಾತ್ರ ತಟ್ಟಿ. ಚಕರೇರಾದ ಬೇಸ್ ಸಾಮಾನ್ಯವಾಗಿ ಹೀಗೇ ನಡೆಯುವುದು: ಬಾರ್‌ನ ಮೊದಲ ಪೆಟ್ಟು ಖಾಲಿ, ಭಾರವೆಲ್ಲ ಎರಡು ಮತ್ತು ಮೂರನೇ ಪೆಟ್ಟಿನ ಮೇಲೆ. ನಮ್ಮ ಪಿಯಾನೋ ಪಾಠಗಳಲ್ಲಿ ಪ್ರತಿ ಬಾರ್‌ನ ಮೊದಲ ಪೆಟ್ಟಿಗೆ ಎಡಗೈಯಲ್ಲಿ ಒಂದು ಗಟ್ಟಿ ಮಂದ್ರ ಸ್ವರ ಹಾಕುವ ಅಭ್ಯಾಸ ಆಗಿರುತ್ತದೆ, ಅಲ್ವಾ? ವಾಲ್ಟ್ಜ್ ನುಡಿಸಿದ ಕೈಗಳಿಗಂತೂ ಅದು ಬಿಡಲಾಗದ ಚಟ. ಆ ಒಂದು ಅಭ್ಯಾಸ ಸಾಕು, ಚಕರೇರಾ ವಾಲ್ಟ್ಜ್ ಆಗಿಬಿಡುತ್ತದೆ. ನಿಮ್ಮ ಕರಡಿನ ಎಡಗೈಯನ್ನು ಒಮ್ಮೆ ನೋಡಿ. ಲಾಬಿಯ ಸಂಗೀತ ಅನ್ನಿಸಲು ಇದೂ ಒಂದು ಕಾರಣ ಇರಬಹುದು, ಯಾಕೆಂದರೆ ಟ್ಯಾಂಗೊ, ಸಾಂಬಾಗಳಲ್ಲೂ ಒತ್ತು ಎಲ್ಲಿ ಬೀಳುತ್ತದೆ ಅನ್ನುವುದೇ ಜೀವಾಳ. ಬ್ರೆಜಿಲಿನ ಸಾಂಬಾದಲ್ಲಿ ದೊಡ್ಡ ಡೋಲಿನ ಒತ್ತು ಎರಡನೇ ಪೆಟ್ಟಿನ ಮೇಲೆ.

ಆ ಖಾಲಿ ಜಾಗಕ್ಕೆ ಹೆದರಬೇಡಿ. ಅಲ್ಲಿ ರಾಗದ ಒತ್ತು ಬೀಳುತ್ತದೆ, ಕೆಳಗೆ ನೆಲ ಇರುವುದಿಲ್ಲ. ಮುಂದಿನ ಕ್ಷಣ ಬೇಸ್ ಬಂದು ಹಿಡಿದುಕೊಳ್ಳುತ್ತದೆ. ಕುಣಿಯುವವರನ್ನು ಎತ್ತುವುದು ಅದೇ. ಮೊದಮೊದಲು ನಿಮ್ಮ ಕಿವಿ ಮೂರನೇ ಕ್ವೇವರನ್ನೇ ಬಾರ್‌ನ ಶುರು ಅಂತ ತಿಳಿದುಕೊಳ್ಳುತ್ತದೆ. ಆಗ ನಿಲ್ಲಿಸಿ, ಬರೀ ಬಾಯಲ್ಲಿ ಹೇಳಿ, ಮತ್ತೆ ಪಿಯಾನೋಗೆ ಬನ್ನಿ.

ಇನ್ನು ಡೋಲು. ಬೊಂಬೊ ಲೆಗ್ವೇರೊವನ್ನು ಟೊಳ್ಳು ಮಾಡಿದ ಮರದ ಕಾಂಡದಿಂದ ಮಾಡುತ್ತಾರೆ. ಮರ ಹೆಚ್ಚಾಗಿ ಸೇಯ್ಬೊ, ಅರ್ಜೆಂಟೀನಾದ ರಾಷ್ಟ್ರೀಯ ಹೂವು ಬಿಡುವ ಮರ. ಎರಡೂ ಕಡೆ ಪ್ರಾಣಿಯ ಚರ್ಮ, ಕೂದಲು ತೆಗೆಯದೆ ಬಿಟ್ಟದ್ದು. ಹಾಗಾಗಿ ನಾದ ಆಳವಾಗಿ, ಮೆತ್ತಗೆ ಬರುತ್ತದೆ. ನುಡಿಸುವವರು ಎರಡು ಬಗೆಯ ಪೆಟ್ಟು ಹಾಕುತ್ತಾರೆ: ಚರ್ಮದ ಮೇಲೆ ಒಂದು, ಅಂಚಿನ ಮರದ ಬಳೆಯ ಮೇಲೆ ಒಂದು. ಒಂದು ಗುಂಯ್, ಇನ್ನೊಂದು ಟಕ್. ಪಿಯಾನೋದಲ್ಲಿ ಇವೆರಡನ್ನೂ ಬೇರೆ ಬೇರೆಯಾಗಿ ಯೋಚಿಸಿ. ಚರ್ಮದ ಪೆಟ್ಟಿಗೆ ತೀರಾ ಮಂದ್ರದಲ್ಲಿ ಐದನೇ ಅಂತರದ ಎರಡು ಸ್ವರ, ಉದಾಹರಣೆಗೆ ಎ ಮತ್ತು ಇ. ಕೀಲಿಯನ್ನು ಮೇಲಿನಿಂದ ಹೊಡೆಯಬೇಡಿ, ಬೆರಳು ತಾಗಿಸಿಟ್ಟು ತೋಳಿನ ಭಾರ ಬಿಡಿ. ಅಂಚಿನ ಟಕ್ ಸದ್ದಿಗೆ ನಡುಭಾಗದಲ್ಲಿ ಅಕ್ಕಪಕ್ಕದ ಎರಡು ಸ್ವರ, ತೀರಾ ಗಿಡ್ಡ, ಮೆಲ್ಲಗೆ. ನಾಲ್ಕು ಬಾರ್ ಬರೀ ಇಷ್ಟನ್ನೇ ನುಡಿಸಿ, ರಾಗವಿಲ್ಲದೆ. ನಿಮಗೇ ಕಾಲು ಎತ್ತಬೇಕು ಅನ್ನಿಸುವವರೆಗೆ ರಾಗ ಸೇರಿಸಬೇಡಿ.

ಗಿಟಾರಿನ ವಿಷಯಕ್ಕೆ ಜಿನಾಸ್ತೆರಾ ಒಂದು ದಾರಿ ತೋರಿಸಿದ್ದಾರೆ. ಗಿಟಾರಿನ ಆರು ತಂತಿಗಳನ್ನು ಎಲ್ಲೂ ಒತ್ತದೆ ಮೀಟಿದರೆ ಇ, ಎ, ಡಿ, ಜಿ, ಬಿ, ಇ ಬರುತ್ತವೆ. ಮೇಜರೂ ಅಲ್ಲ, ಮೈನರೂ ಅಲ್ಲ. ಅವರ ಮೊದಲ ಕುಣಿತದ ಕೊನೆಯ ಹತ್ತಿರ ಇದೇ ಕಾರ್ಡ್ ಹಾಗೆಯೇ ಬರುತ್ತದೆ. 1940ರ 'ಮಲಾಂಬೊ' ರಚನೆಯೂ ಇದರಿಂದಲೇ ತೆರೆದುಕೊಳ್ಳುತ್ತದೆ. ನೀವು ಅದನ್ನೇ ಎತ್ತಿಕೊಳ್ಳಬೇಡಿ, ಅದು ಈಗ ಅವರ ಸಹಿಯಂತೆ ಆಗಿದೆ. ಆದರೆ ಯೋಚನೆಯನ್ನು ತೆಗೆದುಕೊಳ್ಳಿ: ಗಿಟಾರ್ ನುಡಿಸುವವರ ಕೈ ಎಲ್ಲಿ ನಿಲ್ಲುತ್ತದೆ, ಯಾವ ತಂತಿ ತೆರೆದಿರುತ್ತದೆ, ಬೆರಳುಗಳಿಂದ ತಂತಿಗಳನ್ನು ಸವರಿದಾಗ ಯಾವ ಸ್ವರ ಮೊದಲು ಕೇಳುತ್ತದೆ. ಆ ಸವರುವಿಕೆಗೆ ಪಿಯಾನೋದಲ್ಲಿ ತುಂಬಾ ಚುರುಕಾದ ಮುರಿದ ಕಾರ್ಡ್ ಸರಿಹೊಂದುತ್ತದೆ, ಕೊನೆಯ ಸ್ವರದಲ್ಲಿ ತಕ್ಷಣ ಕೈ ಎತ್ತಬೇಕು. ಸಸ್ಟೇನ್ ಪೆಡಲನ್ನು ಪೀಠಿಕೆಯಲ್ಲಿ ಬೇಕಾದರೆ ಬಳಸಿ, ಕುಣಿತ ಶುರುವಾದ ಮೇಲೆ ಕಾಲು ತೆಗೆಯಿರಿ. ಪೆಡಲ್ ಒತ್ತಿದರೆ ಆ ಖಾಲಿ ಮೊದಲ ಪೆಟ್ಟು ತುಂಬಿಹೋಗುತ್ತದೆ. ಅಲ್ಲಿಗೆ ಕುಣಿತ ಮುಗಿದಂತೆ.

ರಾಗ ಕಟ್ಟುವುದು ಹೇಗೆ? ಚಕರೇರಾದ ಪದ್ಯಕ್ಕೆ ನಾಲ್ಕು ಸಾಲು, ಸಾಲಿಗೆ ಎಂಟು ಅಕ್ಷರ, ಒಂದು ಸಾಲಿಗೆ ಎರಡು ಬಾರ್. ಎಂಟು ಬಾರ್ ಹೀಗೆ ತುಂಬುತ್ತದೆ. ನಿಮಗೆ ಸ್ಪ್ಯಾನಿಷ್ ಬರದಿದ್ದರೆ ಎಂಟೆಂಟು ಅಕ್ಷರದ ನಾಲ್ಕು ಸಾಲು ಕನ್ನಡದಲ್ಲೇ ಬರೆದುಕೊಳ್ಳಿ. ಮಳೆಯ ಬಗ್ಗೆಯೋ ಊರಿನ ದಾರಿಯ ಬಗ್ಗೆಯೋ, ನಿಮಗೆ ಆಪ್ತವಾದದ್ದು. ಅದನ್ನು ಹಾಡುತ್ತಾ ರಾಗ ಹುಡುಕಿ. ಕೇಳುವವರಿಗೆ ಪದ ತಿಳಿಯುವುದಿಲ್ಲ, ಆದರೆ ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅನ್ನುವುದು ಸ್ವರಗಳಲ್ಲೇ ಕೂತಿರುತ್ತದೆ. ಪಿಯಾನೋ ಮೇಲೆ ಬೆರಳಾಡಿಸಿ ಹುಟ್ಟುವ ರಾಗಗಳಿಗೆ ಉಸಿರಿನ ಜಾಗ ಇರುವುದಿಲ್ಲ. ಜನಪದ ಕುಣಿತಕ್ಕೆ ಅದು ಇರಲೇಬೇಕು.

ಹಾರ್ಮನಿ ಶುರುವಿಗೆ ಸರಳವಾಗಿರಲಿ. ಎ ಮೈನರ್, ಅದರ ಇ ಸೆವೆಂತ್, ಜೊತೆಗೆ ಸಿ ಮತ್ತು ಜಿ ಮೇಜರ್, ಇಷ್ಟರಲ್ಲೇ ಎಷ್ಟೋ ಚಕರೇರಾಗಳು ಮುಗಿಯುತ್ತವೆ. ರಾಗಕ್ಕೆ ಮೂರನೇ ಅಂತರದಲ್ಲಿ ಇನ್ನೊಂದು ದನಿ ಸೇರಿಸಿದರೆ ಇಬ್ಬರು ಒಟ್ಟಿಗೆ ಹಾಡಿದಂತೆ ಕೇಳುತ್ತದೆ, ಅಲ್ಲಿ ಹಾಗೆಯೇ ಹಾಡುತ್ತಾರೆ. ಮೊದಲ ಸುತ್ತನ್ನು ಹೀಗೆ ಬರೆಯಿರಿ. ನಿಮ್ಮ ಸ್ವಂತ ಹಾರ್ಮನಿಯನ್ನು ಎರಡನೇ ಸುತ್ತಿಗೆ ಉಳಿಸಿಕೊಳ್ಳಿ. ಅದೇ ರಾಗ, ಅದೇ ಬಾರ್, ಕೆಳಗಿನ ಕಾರ್ಡ್‌ಗಳು ಮಾತ್ರ ಬೇರೆ. ಕುಣಿತ ಎರಡು ಸಲ ನಡೆಯುವುದರಿಂದ ಈ ಅವಕಾಶ ತಾನಾಗಿ ಸಿಕ್ಕಿದೆ. ಒಮ್ಮೆ ಕೇಳಿ ಗುರುತಾದ ರಾಗ ಎರಡನೇ ಸಲ ಬೇರೆ ಬೆಳಕಿನಲ್ಲಿ ಬಂದಾಗ ಕೇಳುಗರು ಎದ್ದು ಕೂರುತ್ತಾರೆ.

ಸಪತೇಯೊ ಭಾಗಗಳಿಗೆ ಒಂದು ಒಳ್ಳೆಯ ಉಪಾಯ ಮಲಾಂಬೊದಲ್ಲಿದೆ. ಅದು ಗೌಚೊಗಳ, ಅಂದರೆ ಬಯಲುಸೀಮೆಯ ದನಗಾಹಿ ಸವಾರರ, ಬರೀ ಕಾಲಿನ ಕುಣಿತ. ಗಂಡಸರು ಒಬ್ಬರಿಗೊಬ್ಬರು ಸವಾಲು ಹಾಕುತ್ತಾ ಕುಣಿಯುತ್ತಿದ್ದರು, ಇಂದಿಗೂ ಕೊರ್ದೊಬಾ ಪ್ರಾಂತ್ಯದ ಲಾಬೊರ್ದೆ ಎಂಬ ಸಣ್ಣ ಊರಿನಲ್ಲಿ ಇದರ ರಾಷ್ಟ್ರೀಯ ಸ್ಪರ್ಧೆ ನಡೆಯುತ್ತದೆ. ಅದರಲ್ಲಿ ಕಾಲಿನ ಒಂದೊಂದು ಜೋಡಣೆಗೂ ಮುದಾನ್ಸಾ ಅನ್ನುತ್ತಾರೆ. ಒಂದು ಕಾಲಿನಿಂದ ಶುರುವಾಗಿ ಮಾಡಿದ್ದನ್ನು ಇನ್ನೊಂದು ಕಾಲಿನಿಂದಲೂ ಅಷ್ಟೇ ಚೊಕ್ಕವಾಗಿ ಮಾಡಿ ತೋರಿಸಬೇಕು. ಪಿಯಾನೋ ಬರೆಯುವವರಿಗೆ ಇದಕ್ಕಿಂತ ಚೆಂದದ ಕಾಣಿಕೆ ಬೇಕೇ? ಬಲಗೈ ನಾಲ್ಕು ಬಾರ್ ಒಂದು ಆಕಾರ ನುಡಿಸಲಿ, ಎಡಗೈ ಅದನ್ನೇ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಮುಂದಿನ ನಾಲ್ಕು ಬಾರ್ ನುಡಿಸಲಿ. ಎಡಗೈಯನ್ನು ಇದಕ್ಕೆ ತಯಾರು ಮಾಡುವುದು ಕಷ್ಟ, ಅದಕ್ಕೇ ಕೇಳಲು ರೋಮಾಂಚನ.

ನಿಮ್ಮ ಕರ್ನಾಟಕ ಸಂಗೀತದ ಪ್ರಶ್ನೆಗೆ ಅರ್ಧ ಉತ್ತರ ಈಗಾಗಲೇ ಸಿಕ್ಕಿದೆ. ಕಲಿಯುವುದಕ್ಕೆ ಅದನ್ನು ಧಾರಾಳವಾಗಿ ಬಳಸಿ. ಜತಿಗಳು ಬಾಯಲ್ಲಿದ್ದರೆ ಎರಡು ಎಣಿಕೆಗಳನ್ನು ಒಟ್ಟಿಗೆ ಹಿಡಿಯುವ ಕೆಲಸ ಬೇಗ ಆಗುತ್ತದೆ. ಆದರೆ ಅಲಂಕಾರಕ್ಕೆ ಬಳಸಬೇಡಿ. ಕೊನೆಯಲ್ಲಿ ಮೂರು ಸಲ ಹೇಳಿ ಸಮಕ್ಕೆ ಬಂದು ಮುಗಿಸುವ ಮುಕ್ತಾಯವನ್ನು ಹಾಕುವ ಆಸೆ ಬಂದೇ ಬರುತ್ತದೆ. ಲೆಕ್ಕಕ್ಕೂ ಅದು ಕೂರುತ್ತದೆ: ಎಂಟು ಬಾರ್ ಅಂದರೆ 48 ಅಕ್ಷರ, ಹದಿನಾಲ್ಕರ ಮೂರು ಆವರ್ತನೆ, ನಡುವೆ ಮೂರು ಮೂರರ ಎರಡು ಬಿಡುವು. ಆದರೂ ಬೇಡ ಅನ್ನುತ್ತೇನೆ. ಚಕರೇರಾದ ಕೊನೆಯ ನಾಲ್ಕು ಬಾರ್‌ನಲ್ಲಿ ಇಬ್ಬರು ನಡುವೆ ಬಂದು ಸೇರುವ ಸರಳತೆ ಇದೆ. ಅಲ್ಲಿ ಲೆಕ್ಕದ ಚಮತ್ಕಾರ ತಂದರೆ ಕೇಳುಗರ ಗಮನ ಅವರಿಂದ ನಿಮ್ಮ ಕಡೆಗೆ ತಿರುಗುತ್ತದೆ. ನಿಮ್ಮೊಳಗಿನ ರಾಗ ತಾನಾಗಿ ಎಲ್ಲಾದರೂ ಇಣುಕಿದರೆ ಅದನ್ನು ಅಳಿಸಲೂ ಹೋಗಬೇಡಿ. ನೀವು ಬೆಳೆದ ಕಿವಿ ಅದು.

ಸ್ವರಲಿಪಿಯ ಗೊಂದಲಕ್ಕೆ ಉತ್ತರ ಚಿಕ್ಕದು. 6/8 ಎಂದು ಬರೆಯಿರಿ. ಬಲಗೈಯಲ್ಲಿ ಕ್ವೇವರ್‌ಗಳನ್ನು ಮೂರು ಮೂರಾಗಿ ಜೋಡಿಸಿ. ಎಡಗೈಯಲ್ಲಿ ಒಂದು ಕ್ರಾಚೆಟ್ (ಎರಡು ಕ್ವೇವರ್ ಉದ್ದ) ಮೌನ, ಆಮೇಲೆ ಎರಡು ಕ್ರಾಚೆಟ್. ಎಡಗೈ 3/4ರಲ್ಲಿದೆ ಅಂತ ನೋಡಿದ ಕೂಡಲೇ ತಿಳಿಯುತ್ತದೆ. ಬಾರ್‌ನ ಮೊದಲು, ಸ್ವರಲಿಪಿಯ ಶುರುವಿನಲ್ಲೇ, ಎರಡೂ ಅಳತೆಗಳನ್ನು ಪಕ್ಕಪಕ್ಕ ಬರೆಯುವವರೂ ಇದ್ದಾರೆ, ಅದೂ ಸರಿಯೇ. ಪೆಟ್ಟು ಎಲ್ಲಿದೆ ಎಂದು ತೋರಿಸಲು ಎಲ್ಲ ಕಡೆ ಒತ್ತಿನ ಗುರುತು ಹಾಕಬೇಡಿ, ಜೋಡಣೆಯೇ ಅದನ್ನು ಹೇಳಲಿ.

ಇನ್ನು ಐದು ನಿಮಿಷದ ಮಾತು. ಪೀಠಿಕೆಯಿಂದ ಕೊನೆಯ ತಿರುವಿನವರೆಗೆ ಏಳು ಭಾಗ, ಎಂಟೆಂಟು ಬಾರ್ ಇಟ್ಟರೆ 56 ಬಾರ್. ಮೂರು ಕ್ವೇವರ್ ಉದ್ದದ, ಚುಕ್ಕೆ ಹಾಕಿದ ಕ್ರಾಚೆಟ್‌ಗೆ ನಿಮಿಷಕ್ಕೆ 100 ಪೆಟ್ಟು ಇಟ್ಟುಕೊಂಡರೆ ಒಂದು ಸುತ್ತಿಗೆ ಒಂದು ನಿಮಿಷದ ಮೇಲೆ ಕೆಲವೇ ಸೆಕೆಂಡ್. ಎರಡು ಸುತ್ತಿಗೆ ಎರಡೂಕಾಲು ನಿಮಿಷ. ನನ್ನ ಕೇಳಿದರೆ ಅಲ್ಲಿಗೇ ನಿಲ್ಲಿಸಿ ಅನ್ನುತ್ತೇನೆ. ಎರಡೂಕಾಲು ನಿಮಿಷದ ತುಂಬಿದ ರಚನೆ ಐದು ನಿಮಿಷದ ಎಳೆದಾಟಕ್ಕಿಂತ ಮೇಲು.

ಇನ್ನೂ ಉದ್ದ ಬೇಕೇ ಬೇಕೆಂದಿದ್ದರೆ ಎರಡು ಸುತ್ತಿನ ನಡುವೆ ಒಂದು ಜಾಂಬಾ ಇಡಿ. ಅಲ್ಲಿನ ಸ್ಪ್ಯಾನಿಷ್ ಉಚ್ಚಾರದಲ್ಲಿ ಹೆಸರು ಕಿವಿಗೆ ಬ್ರೆಜಿಲಿನ ಸಾಂಬಾದಂತೆಯೇ ಕೇಳಿದರೂ ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಇದು ಅರ್ಜೆಂಟೀನಾದ ಉತ್ತರದ ನಿಧಾನದ ಕುಣಿತ, ಕೈಯಲ್ಲಿ ಕರವಸ್ತ್ರ ಹಿಡಿದು ಕುಣಿಯುವುದು. ಪೆರುವಿನ ಸಮಾಕ್ವೇಕಾ ಎಂಬ ಕುಣಿತ ಇದರ ಮೂಲ. ಅದು ಚಿಲಿಯಲ್ಲಿ ಕ್ವೇಕಾ ಆಯಿತು, 1979ರಲ್ಲಿ ಅದನ್ನು ಅಲ್ಲಿನ ರಾಷ್ಟ್ರೀಯ ಕುಣಿತ ಎಂದು ಘೋಷಿಸಿದರು. ಪೆರುವಿನಲ್ಲೇ ಉಳಿದದ್ದಕ್ಕೆ 1879ರಲ್ಲಿ, ಚಿಲಿಯೊಂದಿಗೆ ಯುದ್ಧ ನಡೆಯುತ್ತಿದ್ದಾಗ, ನೌಕಾಪಡೆಯ ಗೌರವಕ್ಕೆ ಮರಿನೇರಾ ಎಂದು ಹೆಸರಿಟ್ಟರು. ಅರ್ಜೆಂಟೀನಾದಲ್ಲಿ ಜಾಂಬಾ ಆಯಿತು. ಮೂರರಲ್ಲೂ ಕರವಸ್ತ್ರ ಉಳಿದಿದೆ. ಒಂದೇ ಕುಣಿತ ಸಾಕು ಅಂತ ಹೇಳಿ ಈಗ ಎರಡನೆಯದನ್ನು ಸೇರಿಸಲು ಹೇಳುತ್ತಿದ್ದೇನಲ್ಲ ಅನ್ನಿಸಬಹುದು. ಆದರೆ ಜಾಂಬಾ ಮತ್ತು ಚಕರೇರಾ ಒಂದೇ ಸೀಮೆಯವು, ಅದೇ ಡೋಲು, ಅದೇ ಗಿಟಾರ್, ಅದೇ ಆರು ಕ್ವೇವರ್. ಒಂದೇ ರಾತ್ರಿ, ಒಂದೇ ಅಂಗಳದಲ್ಲಿ, ಅದೇ ಜನ ಎರಡನ್ನೂ ಕುಣಿಯುತ್ತಾರೆ. ಹನ್ನೆರಡು ಬಾರ್‌ನ ಮೂರು ಪದ್ಯ, ಎಂಟು ಬಾರ್ ಪೀಠಿಕೆ, ಚಕರೇರಾದ ಅರ್ಧ ವೇಗ: ಇದು ಒಂದೂಮುಕ್ಕಾಲು ನಿಮಿಷ. ಒಟ್ಟು ನಾಲ್ಕು ನಿಮಿಷ ಆಯಿತು. ಐದಕ್ಕೆ ಎಳೆಯಬೇಡಿ. ಜಾಂಬಾದಲ್ಲಿ ಪೆಡಲ್ ಬಳಸಬಹುದು, ಕರವಸ್ತ್ರ ಗಾಳಿಯಲ್ಲಿ ತೇಲುವ ಕುಣಿತಕ್ಕೆ ನಾದ ಸ್ವಲ್ಪ ತೇಲಿದರೆ ಚೆನ್ನ.

ಈಗಿರುವ ಕರಡನ್ನು ಹರಿದು ಹಾಕಬೇಡಿ. ಮೂರು ಭಾಗಗಳನ್ನು ಬಿಡಿಸಿ ಬೇರೆ ಬೇರೆ ಇಡಿ. ಟ್ಯಾಂಗೊ ಭಾಗಕ್ಕೆ ಎಡಗೈಯಲ್ಲಿ ಎಂಟನ್ನು ತಕಿಟ ತಕಿಟ ತಕ ಎಂದು ಒಡೆಯುವ, ಟ್ಯಾಂಗೊದ ಬಂಧುವಾದ ಮಿಲೊಂಗಾ ಕುಣಿತದ ನಡೆ ಪ್ರಯತ್ನಿಸಿ. ಟ್ಯಾಂಗೊ ರಚನೆಕಾರ ಪಿಯಾಸೊಲಾ ಆ ನಡೆಯ ಮೇಲೆಯೇ ಎಷ್ಟೋ ರಚನೆಗಳನ್ನು ನಿಲ್ಲಿಸಿದ್ದಾರೆ. ಸಾಂಬಾ ಭಾಗವನ್ನು ಮುಟ್ಟುವ ಮೊದಲು ಎರ್ನೆಸ್ತೊ ನಜರೆ ಅವರನ್ನು ನುಡಿಸಿ. ರಿಯೊದ ಓಡಿಯಾನ್ ಸಿನಿಮಾ ಮಂದಿರದ ಮುಂಗಟ್ಟಿನ ಕೋಣೆಯಲ್ಲಿ ಪಿಯಾನೋ ನುಡಿಸುತ್ತಿದ್ದ ಅವರು ಬ್ರೆಜಿಲಿನ ಬೀದಿಯ ಲಯಗಳನ್ನು ಪಿಯಾನೋದ ಕೈಗಳಿಗೆ ಹೇಗೆ ಹಂಚಬೇಕು ಅಂತ ಸಾಂಬಾಗೂ ಮೊದಲೇ ತೋರಿಸಿಕೊಟ್ಟವರು. ಹುವಾಯ್ನೊ ಭಾಗದಲ್ಲಿ ಮಾತ್ರ ಒಂದು ಎಚ್ಚರ. ಅದರ ಐದು ಸ್ವರಗಳು ನಮ್ಮ ಶುದ್ಧ ಧನ್ಯಾಸಿಯವೇ, ಸ ಗ ಮ ಪ ನಿ. ಹಾಗಾಗಿ ನಿಮ್ಮ ಕೈ ಗೊತ್ತಿಲ್ಲದೆ ಕೀರ್ತನೆಯ ಸಂಚಾರಗಳ ಕಡೆಗೆ ಜಾರುತ್ತದೆ. 2/4ರ ಬಿಗಿಯಲ್ಲಿ, ಒಂದು ಕ್ವೇವರ್ ಮತ್ತು ಎರಡು ಸೆಮಿಕ್ವೇವರ್‌ನ ಆ ಕುಪ್ಪಳಿಸುವ ನಡೆಯನ್ನು ಎಡಗೈಯಲ್ಲಿ ಮೊದಲು ಕೂರಿಸಿಕೊಂಡು ಆಮೇಲೆ ರಾಗಕ್ಕೆ ಕೈ ಹಾಕಿ. ಚಕರೇರಾದ ಮೊದಲ ಸುತ್ತು ಬರೆದಾದ ಮೇಲೆ ಸ್ವರಲಿಪಿ ಕಳಿಸಿ, ಎಡಗೈಯನ್ನು ಒಟ್ಟಿಗೆ ನೋಡೋಣ.